ಗುರುವಿನ ಗೆರೆ, ಶಿಷ್ಯನ ಕೈ

ಜಪಾನಿನ ಮಸಿಚಿತ್ರಕಾರರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಸೆಶ್ಶೂನದು (1420–1506). ದುಂಡು ಬೀಸಣಿಗೆಯ ಆಕಾರದ ಗೆರೆಯೊಳಗೆ ಅವನು ಬರೆದ ಕೆಲವು ಪುಟ್ಟ ಚಿತ್ರಗಳು ಇಂದಿಗೂ ಉಳಿದಿವೆ. ಗೆರೆಯ ಒಳಗೆ ಶಿಯಾ ಗುಯ್, ಲಿಯಾಂಗ್ ಕಾಯ್, ಯೂಜಿಯಾನ್ ಎಂದು ಸುಂಗ್ ಕಾಲದ ಒಬ್ಬೊಬ್ಬ ಚೀನೀ ಚಿತ್ರಕಾರನ ಹೆಸರಿದೆ. ಗೆರೆಯ ಹೊರಗೆ ಸೆಶ್ಶೂ ತನ್ನ ಹೆಸರು ಹಾಕಿದ್ದಾನೆ. ಯಾರ ಚಿತ್ರವನ್ನು ಯಾರು ನಕಲು ಮಾಡಿದರು ಎಂಬುದರಲ್ಲಿ ಮುಚ್ಚುಮರೆಯೇ ಇಲ್ಲ. ಆದರೂ ಬೀಸಣಿಗೆಯೊಳಗಿನ ಬೆಟ್ಟ ಬಂಡೆಗಳನ್ನು ಗಮನಿಸಿದರೆ ಅಂಚುಗಳು ಮೂಲಕ್ಕಿಂತ ಗಡುಸಾಗಿವೆ, ಕುಂಚದ ಒತ್ತು ಹೆಚ್ಚಾಗಿದೆ, ಚೀನೀ ಚಿತ್ರದಲ್ಲಿ ಮಂಜಿನಲ್ಲಿ ಕರಗಿಹೋಗುವ ದೂರ ಇಲ್ಲಿ ಕಣ್ಣಿಗೆ ಹತ್ತಿರ ಬಂದಿದೆ. ಜಪಾನಿನ ಚಿತ್ರಕಾರರು ಶತಮಾನಗಟ್ಟಲೆ ಗುರುಗಳ ಚಿತ್ರಗಳನ್ನು ನಕಲು ಮಾಡುತ್ತಲೇ ಕಲಿತರು ಎಂಬುದನ್ನು ಕೆಲವರು ಗುರುಭಕ್ತಿಯ ಮಾದರಿಯೆಂದು ಹೊಗಳುತ್ತಾರೆ, ಕೆಲವರು ಸ್ವಂತಿಕೆಯನ್ನು ಕೊಂದ ಪದ್ಧತಿಯೆಂದು ಹಳಿಯುತ್ತಾರೆ. ಇಬ್ಬರೂ ಆ ಚಿತ್ರಗಳನ್ನು ಸರಿಯಾಗಿ ನೋಡಿಲ್ಲ ಎಂದು ನನಗೆ ಅನ್ನಿಸುತ್ತದೆ. ಈ ಕಲೆಗೆ ನಕಲೇ ಅರಿವಿನ ದಾರಿಯಾಗಿತ್ತು. ಆ ದಾರಿ ಮುಂದೆ ಕೆಟ್ಟದ್ದೂ ನಿಜ. ಅದಕ್ಕೆ ಕಾರಣ ನಕಲು ಮಾಡಿದ್ದಲ್ಲ, ನಕಲಿಗೆ ಇಟ್ಟುಕೊಂಡ ಮೂಲಗಳು ಒಂದೊಂದಾಗಿ ಕಡಿಮೆಯಾಗುತ್ತ ಹೋದದ್ದು.

ಮೊದಲು ಮಸಿಯ ಗುಣವನ್ನು ತಿಳಿದುಕೊಳ್ಳಬೇಕು. ಹೊಗೆಯ ಕಾಡಿಗೆಯನ್ನೂ ಪ್ರಾಣಿಗಳ ತೊಗಲಿನಿಂದ ತೆಗೆದ ಅಂಟನ್ನೂ ಕಲಸಿ ಒಣಗಿಸಿದ ಗಟ್ಟಿಯನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯ್ದರೆ ಮಸಿ ಸಿದ್ಧವಾಗುತ್ತದೆ. ಕಾಗದದ ಮೇಲೆ ಬಿದ್ದ ಗಳಿಗೆಯಲ್ಲೇ ಅದು ಇಳಿದುಬಿಡುತ್ತದೆ. ಎಣ್ಣೆಬಣ್ಣದವನು ತಪ್ಪಿದ್ದನ್ನು ಕೆರೆದು ಮತ್ತೆ ಬಳಿಯಬಹುದು. ಮಸಿಯವನಿಗೆ ಆ ಅವಕಾಶವಿಲ್ಲ. ಬಿದಿರಿನ ಒಂದು ಎಲೆಯೆಂದರೆ ಕುಂಚ ಇಳಿದ ರೀತಿ, ಒತ್ತಿದ ಬಲ, ತಿರುಗಿದ ವೇಗ, ಎತ್ತಿದ ಗಳಿಗೆ ಇವಿಷ್ಟೇ. ಈ ಚಲನೆಯನ್ನು ಮಾತಿನಲ್ಲಿ ಹೇಳಿಕೊಡಲು ಬರುವುದಿಲ್ಲ, ಬಿದಿರನ್ನೇ ದಿಟ್ಟಿಸುತ್ತ ಕುಳಿತರೂ ಅದು ತಿಳಿಯುವುದಿಲ್ಲ. ತೀರಿಹೋದ ಗುರುವಿನ ಕೈ ಹೇಗೆ ಓಡಿತ್ತು ಎಂಬುದಕ್ಕೆ ಅವನು ಬಿಟ್ಟುಹೋದ ಗೆರೆಯೊಂದೇ ಸಾಕ್ಷಿ. ಆ ಗೆರೆಯ ಮೇಲೆ ತನ್ನ ಕೈಯನ್ನು ಓಡಿಸಿದವನಿಗೆ ಮಾತ್ರ ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ಗೊತ್ತಾಗುತ್ತದೆ. ನಮ್ಮ ಊರಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿ ಬರಹ ಕಲಿತದ್ದು ಇಂಥದೇ ಕಾರಣಕ್ಕೆ. ಆರನೆಯ ಶತಮಾನದ ಹೊತ್ತಿಗೆ ಚೀನದ ಶಿಯೇ ಹೆ ಚಿತ್ರಕಲೆಗೆ ಹೇಳಿದ ಆರು ಸೂತ್ರಗಳಲ್ಲಿ ಕೊನೆಯದು ಹಳೆಯ ಮಾದರಿಗಳನ್ನು ನಕಲು ಮಾಡಿ ಮುಂದಕ್ಕೆ ದಾಟಿಸಬೇಕು ಎನ್ನುತ್ತದೆ. ಜಪಾನಿನವರು ಈ ಕೆಲಸಕ್ಕೆ ಹಲವು ವಿಧಾನಗಳನ್ನು ರೂಢಿಸಿಕೊಂಡರು. ತೆಳು ಕಾಗದವನ್ನು ಮೂಲದ ಮೇಲಿಟ್ಟು ಕಾಣುವ ಗೆರೆಯನ್ನು ಹಾಗೆಯೇ ಎತ್ತಿಕೊಳ್ಳುವುದು ಒಂದು. ಮೇಲಿನ ಹಾಳೆಯನ್ನು ಸುರುಳಿ ಸುತ್ತಿ ಮತ್ತೆ ಮತ್ತೆ ಎತ್ತಿ ಇಳಿಸುತ್ತ, ಮೂಲವನ್ನು ಒಂದು ಕ್ಷಣ ಕಂಡು, ಕಣ್ಣಿನಲ್ಲಿ ಉಳಿದದ್ದನ್ನು ಮರುಕ್ಷಣ ಬರೆಯುವುದು ಇನ್ನೊಂದು. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಬರಿಗೈಯಿಂದ ಬರೆಯುವುದು ಮತ್ತೊಂದು. ಎರಡನೆಯ ವಿಧಾನದಲ್ಲಿ ಕೈಗೆ ಎಷ್ಟು ಕೆಲಸವೋ ನೆನಪಿಗೂ ಅಷ್ಟೇ ಕೆಲಸ ಎಂಬುದನ್ನು ಗಮನಿಸಬೇಕು. ನಕಲೆಂದರೆ ಯಾಂತ್ರಿಕ ದುಡಿಮೆ ಎನ್ನುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇತಿಹಾಸದ ಕಾರಣವೂ ಇದೆ. ಮಸಿಚಿತ್ರ ಜಪಾನಿಗೆ ಬಂದದ್ದು ಝೆನ್ ಮಠಗಳ ಮೂಲಕ, ಚೀನದಿಂದ. ಚಿತ್ರಗಳಲ್ಲಿದ್ದ ಆ ಬೆಟ್ಟ, ನದಿ, ಕಣಿವೆಗಳನ್ನು ಜಪಾನಿನ ಬಹುಪಾಲು ಚಿತ್ರಕಾರರು ಕಂಡವರೇ ಅಲ್ಲ. ಅವರ ಪಾಲಿಗೆ ಚೀನದ ಬೆಟ್ಟವೆಂದರೆ ಚೀನದ ಚಿತ್ರದಲ್ಲಿದ್ದ ಬೆಟ್ಟ. ಆ ಚಿತ್ರಗಳೂ ಕಣ್ಣಿಗೆ ಬೀಳುವುದು ಅಪರೂಪವಾಗಿತ್ತು. ಕ್ಯೋತೊದಲ್ಲಿ ಅಶಿಕಾಗ ಮನೆತನದ ಶೋಗುನರ, ಎಂದರೆ ನಾಡನ್ನು ಆಳುತ್ತಿದ್ದ ಸೇನಾಧಿಪತಿಗಳ, ಸಂಗ್ರಹ ದೊಡ್ಡದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ನೋಅಮಿ, ಗೆಅಮಿ, ಸೋಅಮಿ ಎಂಬ ಒಂದೇ ಮನೆತನದ ಮೂರು ತಲೆಮಾರಿನವರು. 1478ರಲ್ಲಿ ಪೂರ್ವದ ಕಾಮಾಕುರದಿಂದ, ಕೆಂಚೋಜಿ ಮಠದ ಶೋಕೆಯ್ ಎಂಬ ಭಿಕ್ಷು ಗೆಅಮಿಯ ಬಳಿಗೆ ಬಂದ. ಆ ಸಂಗ್ರಹದ ಚಿತ್ರಗಳನ್ನು ನೋಡಿ ನಕಲು ಮಾಡುತ್ತ ಕಲಿತು 1480ರಲ್ಲಿ ಊರಿಗೆ ಹೊರಟಾಗ ಗೆಅಮಿ ತಾನೇ ಬರೆದ ಜಲಪಾತದ ಚಿತ್ರವೊಂದನ್ನು ಅವನಿಗೆ ಕೊಟ್ಟು ಕಳಿಸಿದ. ಅದೀಗ ತೋಕ್ಯೊದ ನೆಜು ಸಂಗ್ರಹಾಲಯದಲ್ಲಿದೆ. ಶೋಕೆಯ್ ಮರಳಿದ ಮೇಲೆ ಕಾಮಾಕುರದ ಮಸಿಚಿತ್ರದ ಸ್ವರೂಪವೇ ಬದಲಾಯಿತು. ಅವನು ಹೊತ್ತುತಂದದ್ದಾದರೂ ಏನು? ಕೈಯಲ್ಲಿ ಕೂತ ನಕಲುಗಳು, ಜೊತೆಗೆ ಗುರುವಿನ ಒಂದು ಚಿತ್ರ. ಅಚ್ಚಿನಲ್ಲಿ ಬಂದ ಚಿತ್ರಗಳು ಕೈಗೆ ಸಿಗದ ಆ ಕಾಲದಲ್ಲಿ ಒಂದು ಪ್ರಾಂತದ ಕಲೆ ಇನ್ನೊಂದು ಪ್ರಾಂತವನ್ನು ತಲುಪುತ್ತಿದ್ದದ್ದು ಹೀಗೆ.

ಸೆಶ್ಶೂ ಆ ಕಾಲದ ಅಪರೂಪದ ಮನುಷ್ಯ. 1467ರಲ್ಲಿ ಅವನು ಖುದ್ದು ಚೀನಕ್ಕೇ ಹೋದ. ಎರಡು ವರ್ಷ ಅಲ್ಲಿದ್ದು, ಆ ನಾಡಿನ ಬೆಟ್ಟ ನದಿಗಳನ್ನು ಕಣ್ಣಾರೆ ಕಂಡು 1469ರಲ್ಲಿ ಮರಳಿದ. ನಕಲನ್ನು ಬಿಟ್ಟು ನಿಸರ್ಗವನ್ನೇ ಗುರುವೆಂದು ಸಾರಲು ಅವನಿಗಿಂತ ಹೆಚ್ಚಿನ ಹಕ್ಕು ಯಾರಿಗಿತ್ತು? ಹಾಗಿದ್ದೂ 1495ರಲ್ಲಿ, ಎಪ್ಪತ್ತು ದಾಟಿದ ಮುಪ್ಪಿನಲ್ಲಿ, ಶಿಷ್ಯ ಸೋಯೆನ್ ತನ್ನ ಮಠಕ್ಕೆ ಹಿಂತಿರುಗುವಾಗ ಸೆಶ್ಶೂ ಬರೆದುಕೊಟ್ಟದ್ದು ಯೂಜಿಯಾನ್‌ನ ರೀತಿಯಲ್ಲಿ ಮಸಿಯನ್ನು ಚೆಲ್ಲಿದಂತೆ ಬರೆದ ಒಂದು ಬೆಟ್ಟದ ಚಿತ್ರವನ್ನು. ಚಿತ್ರದ ಮೇಲೆ ಅವನದೇ ಬರಹವಿದೆ: ಚೀನದಲ್ಲಿ ಗುರುಗಳನ್ನು ಹುಡುಕಿದೆ, ಗಟ್ಟಿಗರು ಸಿಕ್ಕಿದ್ದು ಕಡಿಮೆ, ಮಸಿ ಬಣ್ಣಗಳ ಬಳಕೆಯನ್ನು ಇಬ್ಬರಿಂದ ಕಲಿತೆ, ತಾಯ್ನಾಡಿಗೆ ಮರಳಿದ ಮೇಲೆ ನಮ್ಮ ಹಿರಿಯರಾದ ಜೊಸೆತ್ಸು ಮತ್ತು ಶೂಬುನ್ ಎಷ್ಟು ದೊಡ್ಡವರೆಂದು ಅರಿವಾಯಿತು ಎಂಬುದು ಅದರ ತಾತ್ಪರ್ಯ. ಇದನ್ನು ವಿನಯದ ಮಾತೆಂದು ತಳ್ಳಿಹಾಕುವುದು ಸುಲಭ. ನನ್ನ ಮಟ್ಟಿಗೆ ಅದು ಅಳೆದು ತೂಗಿ ಹೇಳಿದ ಮಾತು. ದೂರ ಹೋಗಿ ನೋಡಿಬಂದವನಿಗೆ ಮಾತ್ರ ತನ್ನ ಹಿರಿಯರು ಚೀನದಿಂದ ಏನನ್ನು ಸರಿಯಾಗಿ ಹಿಡಿದಿದ್ದರು ಎಂದು ಕಂಡಿತು. ಶಿಷ್ಯನಿಗೆ ಉಡುಗೊರೆಯಾಗಿ ಹೋದ ಆ ಚಿತ್ರ ಅವನ ಕೈಯಲ್ಲಿ ಮತ್ತೊಂದು ಮಾದರಿಯಾಗಲೆಂದೇ ಬರೆದದ್ದು.

ಮುಂದಿನ ಶತಮಾನದಲ್ಲಿ ನಕಲಿಗೆ ಹೊಸ ಒತ್ತಾಯವೊಂದು ಬಂತು. ಅದು ಕಸುಬಿನದು, ಹಣದ್ದು. ಮಠದ, ಅರಮನೆಯ ಜಾರುಬಾಗಿಲುಗಳ ಮೇಲೆ ಚಿತ್ರ ಬರೆಸುವವರು ಇಂಥ ಚೀನೀ ಗುರುವಿನ ರೀತಿಯಲ್ಲೇ ಆಗಬೇಕೆಂದು ಕೇಳುತ್ತಿದ್ದರು. ಕಾನೊ ಮೊತೊನೊಬು (1476–1559) ಈ ಬೇಡಿಕೆಗೆ ಒಂದು ವ್ಯವಸ್ಥೆ ಕಟ್ಟಿದ. ಬರಹದಲ್ಲಿ ಬಿಡಿ ಅಕ್ಷರ, ಓಟದ ಅಕ್ಷರ, ಹರಿದಾಡುವ ಅಕ್ಷರ ಎಂದು ಮೂರು ವಿಧಗಳಿದ್ದಂತೆ ಚಿತ್ರಕ್ಕೂ ಮೂರು ಮಟ್ಟಗಳನ್ನು ಮಾಡಿದ. ಮಾ ಯುವಾನ್ ಮತ್ತು ಶಿಯಾ ಗುಯ್‌ರ ಬಿಗಿಯಾದ ರೀತಿ ಮೊದಲನೆಯದಾಯಿತು, ಮೂಚಿಯ ಮೆದು ರೀತಿ ಎರಡನೆಯದು, ಯೂಜಿಯಾನ್‌ನ ಚೆಲ್ಲುಮಸಿ ಮೂರನೆಯದು. ಈ ಮಟ್ಟಗಳನ್ನು ಕಲಿತ ಸಹಾಯಕ ಯಾವ ಕೋಣೆಯಲ್ಲಿ ಕುಳಿತು ಬರೆದರೂ ಅದು ಪಕ್ಕದ ಕೋಣೆಯ ಕೆಲಸಕ್ಕೆ ಹೊಂದುತ್ತಿತ್ತು. 1626ರಲ್ಲಿ ಚಕ್ರವರ್ತಿಯ ಭೇಟಿಗಾಗಿ ಕ್ಯೋತೊದ ನಿಜೋ ಕೋಟೆಯನ್ನು ಸಿಂಗರಿಸಿದಾಗ ಕೋಣೆಗಟ್ಟಲೆ ಗೋಡೆಗಳ ಉಸ್ತುವಾರಿ ಹೊತ್ತದ್ದು ಮೊತೊನೊಬುವಿನ ವಂಶದ ತಾನ್‌ಯೂ; ಆಗ ಅವನಿಗೆ ಇನ್ನೂ ಇಪ್ಪತ್ನಾಲ್ಕು. ಅಷ್ಟು ಜನರ ಕೈಗಳು ಒಂದೇ ಕೈಯಂತೆ ದುಡಿದದ್ದು ಒಂದೇ ಮಾದರಿಯ ನಕಲಿನ ಅಭ್ಯಾಸದಿಂದ. ಇಷ್ಟರಿಂದಲೇ ಅದನ್ನು ಕಾರ್ಖಾನೆ ಎನ್ನುವುದು ಸರಿಯಲ್ಲ. ಮೊತೊನೊಬು ಆಗಲೀ ತಾನ್‌ಯೂ ಆಗಲೀ ಮೂರು ಮಟ್ಟಗಳನ್ನೂ ಬಲ್ಲವರಾಗಿದ್ದರಿಂದಲೇ ಅವುಗಳನ್ನು ಬೆರೆಸಿ ತಮ್ಮದೊಂದು ಮಾಡಿಕೊಳ್ಳಬಲ್ಲವರಾದರು. ತಾನ್‌ಯೂನ ಮಸಿಚಿತ್ರಗಳಲ್ಲಿ ಹಾಳೆಯ ದೊಡ್ಡ ಭಾಗ ಖಾಲಿಯಾಗಿಯೇ ಉಳಿಯುತ್ತದೆ. ಆ ಖಾಲಿ ಅವನು ಯಾರಿಂದಲೂ ಹಾಗೆಯೇ ಎತ್ತಿಕೊಂಡದ್ದಲ್ಲ.

ಕಾನೊ ಮನೆತನದ ಹೊರಗಿದ್ದವರಿಗೆ ನಕಲು ಇನ್ನೊಂದು ಬಾಗಿಲು ತೆರೆಯಿತು. ಹಾಸೆಗಾವ ತೋಹಾಕು (1539–1610) ನೋತೊ ಪ್ರಾಂತದ ನಾನಾವೊದಿಂದ ಕ್ಯೋತೊಗೆ ಬಂದವನು. ದೊಡ್ಡ ಮನೆತನದ ಬೆಂಬಲವಿರಲಿಲ್ಲ. ದಾಯ್ತೊಕುಜಿ ಮಠದಲ್ಲಿ ಮೂಚಿ ಬರೆದ ಮೂರು ಚಿತ್ರಗಳಿದ್ದವು: ನಡುವೆ ಬಿಳಿಯುಡುಗೆಯ ಕನ್ನೊನ್ ಎಂಬ ಕರುಣೆಯ ಬೋಧಿಸತ್ತ್ವ, ಒಂದು ಬದಿ ಕೊಕ್ಕರೆ, ಇನ್ನೊಂದು ಬದಿ ಮರಿಯನ್ನು ಅಪ್ಪಿ ಕುಳಿತ ತಾಯಿಕೋತಿ. ತೋಹಾಕು ಆ ಕೋತಿಗಳನ್ನು ಬಿಡದೆ ಅಭ್ಯಾಸ ಮಾಡಿದ. ಒಣಗಿದ ಕೊಂಬೆಯ ಮೇಲೆ ಕುಳಿತ ಕೋತಿಗಳ ಅವನ ಚಿತ್ರ ಮೂಚಿಯಿಂದ ಹುಟ್ಟಿದ್ದು ಎಂಬುದು ಯಾರ ಕಣ್ಣಿಗೂ ಕಾಣುತ್ತದೆ. ಆದರೆ ಕೊಂಬೆಯ ಮೇಲೆ ಕುಂಚ ಎಷ್ಟು ರಭಸದಿಂದ ಹೊಡೆದಿದೆಯೆಂದರೆ ಅದರಲ್ಲಿ ಭಿಕ್ಷು ಮೂಚಿಯ ಶಾಂತಿ ಉಳಿದಿಲ್ಲ. ಅದೇ ಅಭ್ಯಾಸದ ಒದ್ದೆ ಮಂಜು ಮುಂದೆ ಅವನ ಪೈನ್ ಮರಗಳ ಮಡಿಕೆ ತೆರೆಗಳಲ್ಲಿ ಕಾಣಿಸಿಕೊಂಡಿತು. ಮಂಜಿನಲ್ಲಿ ಅರ್ಧ ಕಂಡು ಅರ್ಧ ಮರೆಯಾಗುವ ಆ ಮರಗಳು ಚೀನದವಲ್ಲ, ಜಪಾನಿನ ಕಡಲತೀರದವು. ತೋಹಾಕು ತನ್ನನ್ನು ಸೆಶ್ಶೂನಿಂದ ಐದನೆಯ ತಲೆಮಾರಿನವನೆಂದು ಕರೆದುಕೊಂಡ. ಇದೇ ಕಾಲದಲ್ಲಿ, 1593ರಲ್ಲಿ, ಮೋರಿ ತೆರುಮೊತೊ ಎಂಬ ಸಾಮಂತ ಸೆಶ್ಶೂ 1486ರಲ್ಲಿ ಬರೆದ ಸುಮಾರು 16 ಮೀಟರ್ ಉದ್ದದ ಋತುಗಳ ಸುರುಳಿಯನ್ನು ಉಂಕೊಕು ತೋಗಾನ್ ಕೈಯಲ್ಲಿ ನಕಲು ಮಾಡಿಸಿ, ಸೆಶ್ಶೂನ ಹಳೆಯ ಚಿತ್ರಶಾಲೆಯನ್ನೂ ಅವನಿಗೆ ವಹಿಸಿದ. ತೋಗಾನ್ ಕೂಡ ಸೆಶ್ಶೂನ ವಾರಸುದಾರನೆಂದೇ ಹೇಳಿಕೊಂಡ. ರಕ್ತಸಂಬಂಧವಿಲ್ಲದ, ಮುಖ ಕಂಡಿರದ ಗುರುವಿನ ವಂಶಕ್ಕೆ ಸೇರಲು ನಕಲು ಒಂದು ಹಾದಿಯಾಗಿತ್ತು. ಯಾರನ್ನು ನಕಲು ಮಾಡಬೇಕೆಂಬ ಆಯ್ಕೆ ಇದ್ದವರೆಗೆ ಪೂರ್ವಿಕರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಚಿತ್ರಕಾರನಿಗಿತ್ತು.

ಈ ಪದ್ಧತಿಯಿಂದ ಹುಟ್ಟಿದ ವಿಮರ್ಶೆಯ ಕಣ್ಣಿನ ಬಗ್ಗೆ ಎರಡು ಮಾತು ಹೇಳಲೇಬೇಕು. ತಾನ್‌ಯೂ (1602–1674) ದೊಡ್ಡವನಾದ ಮೇಲೆ ಊರಿನ ಸಿರಿವಂತರು ತಮ್ಮಲ್ಲಿದ್ದ ಹಳೆಯ ಚಿತ್ರಗಳನ್ನು ಅಸಲಿಯೋ ಅಲ್ಲವೋ ಎಂದು ಕೇಳಲು ಅವನ ಬಳಿಗೆ ತರುತ್ತಿದ್ದರು. ಬಂದದ್ದನ್ನೆಲ್ಲ ಅವನು ಚಿಕ್ಕದಾಗಿ ನಕಲು ಮಾಡಿ, ಪಕ್ಕದಲ್ಲಿ ದಿನಾಂಕವನ್ನೂ ತನ್ನ ತೀರ್ಪನ್ನೂ ಗುರುತು ಹಾಕಿಟ್ಟ. ಉಳಿದುಬಂದ ಆ ಹಾಳೆಗಳು ಇಂದಿನ ಸಂಶೋಧಕರಿಗೆ ಒಂದು ಭಂಡಾರ. ಮೂಲ ಕಳೆದುಹೋದ ಎಷ್ಟೋ ಚಿತ್ರಗಳು ಹೇಗಿದ್ದವೆಂದು ತಿಳಿಯುವುದು ಇಂಥ ಕಾನೊ ನಕಲುಗಳಿಂದಲೇ. ನಕಲಿನ ಪದ್ಧತಿಯೇ ಕಳ್ಳ ಚಿತ್ರಗಳಿಗೆ ದಾರಿ ಮಾಡಿಕೊಟ್ಟಿತು ಎಂಬ ಆಕ್ಷೇಪವಿದೆ, ಅದರಲ್ಲಿ ಸತ್ಯವೂ ಇದೆ. ಆದರೆ ಕಳ್ಳನನ್ನು ಹಿಡಿಯುವ ಕಣ್ಣನ್ನು ಕೊಟ್ಟದ್ದೂ ಅದೇ ಪದ್ಧತಿ. ಶಿಯಾ ಗುಯ್‌ನ ಬಂಡೆಯನ್ನು ತಾನೇ ಹಲವು ಸಲ ಬರೆದವನಿಗೆ ಅಂಜಿದ ಕೈ ಬರೆದ ಬಂಡೆ ತಕ್ಷಣ ಗೊತ್ತಾಗುತ್ತದೆ.

ಹಾಗಾದರೆ ಕೇಡು ಎಲ್ಲಿಂದ ಶುರುವಾಯಿತು? ತಾನ್‌ಯೂನ ತಮ್ಮ ಯಾಸುನೊಬು 1680ರಲ್ಲಿ ಬರೆದ ಚಿತ್ರಕಲೆಯ ಗ್ರಂಥದಲ್ಲಿ ಅದರ ಬೀಜವಿದೆ. ಹುಟ್ಟುಪ್ರತಿಭೆಯಿಂದ ಬರೆದ ಚಿತ್ರ, ಕಲಿಕೆಯಿಂದ ಬರೆದ ಚಿತ್ರ ಎಂದು ಅವನು ಎರಡು ಮಾಡುತ್ತಾನೆ. ಮೊದಲನೆಯದರ ಹಿರಿಮೆಯನ್ನು ಒಪ್ಪುತ್ತಾನೆ. ಆದರೂ ಎರಡನೆಯದನ್ನೇ ಮೇಲೆ ಇಡುತ್ತಾನೆ. ಪ್ರತಿಭೆ ಅದನ್ನು ಪಡೆದವನೊಂದಿಗೇ ಮುಗಿಯುತ್ತದೆ, ಕಲಿತದ್ದನ್ನಾದರೆ ಮುಂದಿನವರಿಗೆ ದಾಟಿಸಬಹುದು ಎಂಬುದು ಅವನ ವಾದ. ಶೋಗುನರ ಆಸ್ಥಾನವನ್ನು ತಲೆಮಾರುಗಟ್ಟಲೆ ಉಳಿಸಿಕೊಳ್ಳಬೇಕಾದ ಮನೆತನಕ್ಕೆ ಈ ವಾದ ಸಹಜವೇ. ಅದರಲ್ಲಿ ಒಂದು ಉದಾರತೆಯೂ ಇದೆ: ಸಾಧಾರಣ ಹುಡುಗನೂ ಶ್ರಮಪಟ್ಟರೆ ಒಳ್ಳೆಯ ಚಿತ್ರಕಾರನಾಗಬಲ್ಲ ಎಂಬ ನಂಬಿಕೆ. ಆದರೆ ದಾಟಿಸುವುದೇ ಗುರಿಯಾದಾಗ ದಾಟಿಸಲು ಅನುಕೂಲವಾದದ್ದು ಮಾತ್ರ ಉಳಿಯುತ್ತದೆ. ಶೋಗುನರ ಎದೊ ನಗರದಲ್ಲಿ ಆಸ್ಥಾನದ ಕಾನೊ ಮನೆಗಳು ನಾಲ್ಕಾದವು; ಅವುಗಳಲ್ಲಿ ಕೊಬಿಕಿಚೋ ಮನೆ ಮುಂದೆ ಪ್ರಬಲವಾಯಿತು. ಅಲ್ಲಿ ಕಲಿತ ಹಾಶಿಮೊತೊ ಗಾಹೋ 1889ರಲ್ಲಿ ‘ಕೊಕ್ಕ’ ಪತ್ರಿಕೆಗೆ ಬರೆದ ಲೇಖನದಿಂದ ಆ ಚಿತ್ರಶಾಲೆಯ ದಿನಚರಿ ತಿಳಿಯುತ್ತದೆ. ಹದಿನಾಲ್ಕು ಹದಿನೈದರ ಹುಡುಗರು ಸೇರುತ್ತಿದ್ದರು, ಹತ್ತು ವರ್ಷಕ್ಕೂ ಮೇಲೆ ಅಲ್ಲಿಯೇ ಇದ್ದು ಕಲಿಯುತ್ತಿದ್ದರು, ಕಲಿಕೆ ನಕಲಿನಿಂದ ಆರಂಭವಾಗಿ ನಕಲಿನಲ್ಲೇ ಮುಗಿಯುತ್ತಿತ್ತು. ನಕಲಿಗೆ ಇಟ್ಟದ್ದು ಹೆಚ್ಚಾಗಿ ಅದೇ ಮನೆಯ ತ್ಸುನೆನೊಬು (1636–1713) ಬರೆದ ಮಾದರಿಗಳನ್ನು. ಮೊತೊನೊಬುವಿನ ಮುಂದಿದ್ದ ಮೂರು ನಾಲ್ಕು ಚೀನೀ ಗುರುಗಳು ಇಲ್ಲಿ ಒಬ್ಬನೇ ಒಬ್ಬ ಹಿರಿಯನ ಹಾಳೆಗಳಾಗಿ ಸಂಕುಚಿಸಿದರು. ಮೂಚಿಯನ್ನು ಕಂಡವನ ನಕಲು, ಆ ನಕಲಿನ ನಕಲು, ಅದರ ಮೇಲೆ ಇನ್ನೊಂದು ಎಂದು ಕೈಯಿಂದ ಕೈಗೆ ಬಂದ ಗೆರೆಯಲ್ಲಿ ಆಕಾರ ಉಳಿಯಿತು; ಅದನ್ನು ಹುಟ್ಟಿಸಿದ ಚಲನೆ ಮಂಕಾಯಿತು. ಹತ್ತೊಂಬತ್ತನೆಯ ಶತಮಾನದ ಎಷ್ಟೋ ಕಾನೊ ಚಿತ್ರಗಳು ನೀರಸವಾಗಿವೆ ಎಂಬುದನ್ನು ನಾನು ಒಪ್ಪುತ್ತೇನೆ; ಕಾರಣ ಇದು.

ಇಲ್ಲಿ ಎದುರುವಾದಿ ಇತೋ ಜಾಕುಚೂನನ್ನು (1716–1800) ಮುಂದಿಡುತ್ತಾನೆ. ಕ್ಯೋತೊದ ನಿಶಿಕಿ ಪೇಟೆಯ ತರಕಾರಿ ಸಗಟು ವ್ಯಾಪಾರಿಯ ಮಗ ಅವನು. ಗೆಳೆಯನಾದ ಭಿಕ್ಷು ದಾಯ್ತೆನ್ ಅವನ ಕಲಿಕೆಯ ಕಥೆಯನ್ನು ದಾಖಲಿಸಿದ್ದಾನೆ. ಮೊದಲು ಕಾನೊ ರೀತಿ ಕಲಿತ. ಇದರಲ್ಲಿ ಎಷ್ಟು ಪಳಗಿದರೂ ಕಾನೊ ಬೇಲಿಯೊಳಗೇ ಉಳಿಯುತ್ತೇನೆ ಎನ್ನಿಸಿ ಮಠಗಳಲ್ಲಿದ್ದ ಸುಂಗ್, ಯುವಾನ್ ಕಾಲದ ಚೀನೀ ಚಿತ್ರಗಳನ್ನು ಲೆಕ್ಕವಿಲ್ಲದಷ್ಟು ನಕಲು ಮಾಡಿದ. ಆಮೇಲೆ, ಅವರು ವಸ್ತುವನ್ನು ನೋಡಿ ಬರೆದರು, ನಾನು ಅವರನ್ನು ನೋಡಿ ಬರೆದರೆ ವಸ್ತುವಿನಿಂದ ಇನ್ನೊಂದು ಹೆಜ್ಜೆ ದೂರವಾಗುತ್ತೇನೆ ಎಂದುಕೊಂಡು, ಅಂಗಳದಲ್ಲಿ ಹತ್ತಾರು ಕೋಳಿಗಳನ್ನು ಸಾಕಿ ವರ್ಷಗಟ್ಟಲೆ ಅವುಗಳನ್ನೇ ನೋಡಿದ. ನಕಲನ್ನು ಬಿಟ್ಟಾಗಲೇ ಜಾಕುಚೂ ಜಾಕುಚೂ ಆದ ಎಂದು ಇದರಿಂದ ತೀರ್ಮಾನಿಸುವವರಿದ್ದಾರೆ. ಆದರೆ ಕಥೆಯ ಕ್ರಮವನ್ನು ಮರೆಯಬಾರದು. ಕಾನೊ ಬೇಲಿಯಿಂದ ಅವನನ್ನು ಹೊರಗೆ ತಂದದ್ದು ಕೋಳಿಗಳಲ್ಲ, ಬೇರೆ ಮೂಲಗಳ ನಕಲು. ಕೋಳಿಯ ಮುಂದೆ ಅವನು ಕುಳಿತದ್ದು ಎರಡು ಪರಂಪರೆಗಳು ಪಳಗಿಸಿದ ಕೈಯೊಂದಿಗೆ. 1755ರಲ್ಲಿ ಅವನು ಹುಲಿಯೊಂದನ್ನು ಬರೆದು, ನಾನು ನಿಜವಾದದ್ದನ್ನಲ್ಲದೆ ಬರೆಯುವವನಲ್ಲ, ನಮ್ಮ ನಾಡಿನಲ್ಲಿ ಹುಲಿಯಿಲ್ಲದ್ದರಿಂದ ಚೀನೀ ಚಿತ್ರಕಾರ ಮಾವ್ ಯೀಯನ್ನು ಅನುಸರಿಸಿದ್ದೇನೆ ಎಂಬರ್ಥದ ಬರಹವನ್ನು ಅದರ ಮೇಲೆ ಹಾಕಿದ. ಕಣ್ಣಾರೆ ಕಾಣುವುದು ಮತ್ತು ನಕಲು ಮಾಡುವುದು ಅವನಿಗೆ ವಿರೋಧಗಳಾಗಿರಲಿಲ್ಲ. ಒಂದು ಸಿಗದ ಕಡೆ ಇನ್ನೊಂದನ್ನು ಆಧಾರವಾಗಿ ಹಿಡಿದ.

ಇದಕ್ಕಿಂತ ಬಲವಾದ ಆಕ್ಷೇಪ ಮರುಯಾಮ ಓಕ್ಯೊನದು (1733–1795). ಕಾನೊ ಪಂಥದಲ್ಲೇ ಕಲಿತ ಅವನು ಎದುರಿಗಿರುವ ವಸ್ತುವನ್ನು ನೋಡಿ ಬರೆಯುವುದನ್ನೇ ಶಿಕ್ಷಣದ ತಳಹದಿ ಮಾಡಿದ. ಹುಲಿ ಸಿಗದಿದ್ದಾಗ ಅವನು ಹಳೆಯ ಚಿತ್ರವನ್ನಷ್ಟೇ ನಂಬದೆ ಹುಲಿಯ ಚರ್ಮವನ್ನು ಎದುರಿಗಿಟ್ಟುಕೊಂಡು ಬರೆದ. ಓಕ್ಯೊನಿಂದ ಜಪಾನಿನ ಚಿತ್ರಕಲೆಗೆ ದೊಡ್ಡ ಲಾಭವಾಯಿತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅವನ ಶಿಷ್ಯರು ಹೇಗೆ ಕಲಿತರು ಎಂದು ನೋಡಿದರೆ ಅಲ್ಲೂ ಓಕ್ಯೊನ ಚಿತ್ರಗಳೇ ಮಾದರಿಗಳಾದದ್ದು ಕಾಣುತ್ತದೆ. ಪ್ರಾಣಿಯ ಮೈಕಟ್ಟನ್ನು ಅವಲೋಕನ ಕಲಿಸಬಲ್ಲದು. ಆ ಮೈಕಟ್ಟನ್ನು ಒಂದೇ ಏಟಿನ ಮಸಿಯಲ್ಲಿ ಹಿಡಿಯುವ ಬಗೆಯನ್ನು ಅದೊಂದೇ ಕಲಿಸಲಾರದು.

1868ರ ನಂತರ ಶೋಗುನರ ಆಳ್ವಿಕೆ ಮುಗಿದು ಕಾನೊ ಮನೆಗಳ ಆಸರೆಯೂ ಹೋಯಿತು. ಒಕಾಕುರ ತೆನ್‌ಶಿನ್ ಕಟ್ಟಿದ ತೋಕ್ಯೊ ಕಲಾಶಾಲೆ 1889ರಲ್ಲಿ ಪಾಠ ಆರಂಭಿಸಿದಾಗ ಹಳೆಯದನ್ನು ಏನು ಮಾಡಬೇಕೆಂಬ ಪ್ರಶ್ನೆ ನೇರವಾಗಿ ಎದುರಾಯಿತು. ಅಲ್ಲಿನ ಪಾಠಕ್ರಮದಲ್ಲಿ ಮೂರು ಅಂಗಗಳಿದ್ದವು: ಹಳೆಯ ಚಿತ್ರಗಳ ನಕಲು, ಎದುರಿನ ವಸ್ತುವನ್ನು ನೋಡಿ ಬರೆಯುವುದು, ಸ್ವಂತ ಕಲ್ಪನೆಯ ರಚನೆ. ಕೊಬಿಕಿಚೋದಲ್ಲಿ ಬೆಳೆದ ಗಾಹೋನೇ ಅಲ್ಲಿ ಅಧ್ಯಾಪಕ. ತಾನು ಅನುಭವಿಸಿದ ಇಕ್ಕಟ್ಟನ್ನು ಬಲ್ಲ ಮನುಷ್ಯ ನಕಲನ್ನು ತೆಗೆದುಹಾಕಲಿಲ್ಲ; ಅದಕ್ಕೆ ಜೊತೆಗಾರರನ್ನು ಕೊಟ್ಟ, ಮೂಲಗಳನ್ನು ಹೆಚ್ಚಿಸಿದ. ಅವನ ಶಿಷ್ಯರಾದ ಯೊಕೊಯಾಮ ತಾಯ್ಕಾನ್, ಹಿಶಿದ ಶುನ್ಸೋ ಹಳೆಯ ಚಿತ್ರಗಳ ನಕಲು ಕೆಲಸ ಮಾಡಿಯೇ ಗೆರೆಯಿಲ್ಲದ ಮಬ್ಬು ಬಣ್ಣದ ಹೊಸ ರೀತಿಗೆ ಹೋದವರು. 1903ರಲ್ಲಿ ಅವರಿಬ್ಬರೂ ಕಲ್ಕತ್ತೆಗೆ ಬಂದಾಗ ಅವನೀಂದ್ರನಾಥ ಟ್ಯಾಗೋರರ ಬಳಗ ಅವರಿಂದ ನೀರುಬಣ್ಣದ ಮಬ್ಬನ್ನು ಕಲಿತುಕೊಂಡಿತು. ಅದೇ ಬಳಗಕ್ಕೆ ಕೆಲವು ವರ್ಷಗಳ ಮೇಲೆ ಸೇರಿದ ಮೈಸೂರಿನ ಕೆ. ವೆಂಕಟಪ್ಪ, ನಂದಲಾಲ್ ಬೋಸ್ ಮೊದಲಾದವರೊಂದಿಗೆ ಅಜಂತಾದ ಭಿತ್ತಿಚಿತ್ರಗಳನ್ನು ನಕಲು ಮಾಡುವ ಕೆಲಸದಲ್ಲಿ ಪಾಲುಗೊಂಡರು. ಹೊಸ ಕಲೆಗಾಗಿ ಹಂಬಲಿಸಿದ ಎರಡು ನಾಡುಗಳ ತರುಣರು ಮೊದಲು ಹಳೆಯ ಗೋಡೆಗಳ, ಸುರುಳಿಗಳ ಮುಂದೆ ಕುಂಚ ಹಿಡಿದು ಕುಳಿತದ್ದನ್ನು ಬರೀ ಕಾಕತಾಳೀಯ ಎಂದು ನಾನು ಎಣಿಸುವುದಿಲ್ಲ.

ನಕಲಿನ ಶಿಕ್ಷಣ ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕುತ್ತದೆ ಎಂಬ ಮಾತು ಇನ್ನೂ ಉಳಿದಿದೆ. ಅದಕ್ಕೆ ಉತ್ತರ ಕೊಬಿಕಿಚೋದ ಇಬ್ಬರು ಸಹಪಾಠಿಗಳಲ್ಲಿದೆ. ಗಾಹೋ ಮತ್ತು ಕಾನೊ ಹೋಗಾಯ್ (1828–1888) ಒಬ್ಬನೇ ಗುರುವಿನ ಕೈಕೆಳಗೆ, ಅದೇ ತ್ಸುನೆನೊಬು ಮಾದರಿಗಳನ್ನು ತಿದ್ದುತ್ತ ಬೆಳೆದವರು. ಅತ್ಯಂತ ಇಕ್ಕಟ್ಟಾಗಿದ್ದ ಕಾಲದ ಕಾನೊ ಶಿಕ್ಷಣ ಅದು. ಹೋಗಾಯ್ ತನ್ನ ಕೊನೆಯ ವರ್ಷದಲ್ಲಿ ಹಳೆಯ ಚೀನೀ ಕನ್ನೊನ್ ಚಿತ್ರಗಳ ಮಾದರಿಯನ್ನು ಹಿಡಿದು, ಗಾಳಿಯಲ್ಲಿ ತೇಲುವ ಗೋಳದೊಳಗಿನ ಶಿಶುವನ್ನು ಕರುಣೆಯಿಂದ ನೋಡುತ್ತಿರುವ ತಾಯಿರೂಪದ ಕನ್ನೊನ್ ಚಿತ್ರವನ್ನು ಬರೆದ. ಮಾದರಿ ಹಳೆಯದು, ಅದಕ್ಕೆ ಪಶ್ಚಿಮದ ಬಣ್ಣಗಾರಿಕೆಯೂ ಸೇರಿ ಆದ ಚಿತ್ರ ಅದುವರೆಗೆ ಜಪಾನಿನಲ್ಲಿ ಯಾರೂ ಕಂಡಿರದಂಥದು. 1888ರ ನವೆಂಬರಿನಲ್ಲಿ ಹೋಗಾಯ್ ತೀರಿಕೊಂಡಾಗ ಚಿತ್ರದ ಕೊನೆಯ ಕೆಲಸ ಇನ್ನೂ ಬಾಕಿಯಿತ್ತು. ಅದನ್ನು ಮುಗಿಸಿದ್ದು ಗಾಹೋ. ಒಂದೇ ಶಿಕ್ಷಣ ಪಡೆದಿದ್ದರಿಂದ ಅವನ ಕೈ ಗೆಳೆಯನ ಕೈಯ ನಡೆಯನ್ನು ಬಲ್ಲದಾಗಿತ್ತು. ಆದರೆ ಗಾಹೋ ತಾನಾಗಿ ಬರೆದ ಬಂಡೆ, ಕಣಿವೆ, ಬಿರುಮಳೆಯ ಚಿತ್ರಗಳನ್ನು ಹೋಗಾಯ್‌ನ ಕನ್ನೊನ್ ಪಕ್ಕದಲ್ಲಿಟ್ಟರೆ, ಇವರಿಬ್ಬರನ್ನು ಒಬ್ಬರೆಂದು ಯಾವ ನೋಡುಗನೂ ಭ್ರಮಿಸಲಾರ.